ಹನ್ನೊಂದು ಕಿಡಿ

ಎರಡನೇ ಮಹಾಯುದ್ಧ ಶುರುವಾದ ವರ್ಷ ನಾನು ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಯ ಮುಂದೆ ನಿಲ್ಲುತ್ತಿದ್ದೆ. ಕರಗಿದ ಕಬ್ಬಿಣದ ಕಾವನ್ನು ಬಣ್ಣ ನೋಡಿಯೇ ಹೇಳಬೇಕು. ಕಣ್ಣು ಕೆಡದಂತೆ ನೋಡಲು ನೀಲಿ ಗಾಜು ಕೊಟ್ಟಿದ್ದರು. ಅದನ್ನು ಹಿಡಿದವನನ್ನು ನಮ್ಮವರು "ಏನಮ್ಮಾ ಮದುಮಗಳೇ" ಎಂದು ಗೋಳುಹೊಯ್ದುಕೊಳ್ಳುತ್ತಿದ್ದರು. ನನಗೋ ರೋಷ ಜಾಸ್ತಿ. ಆ ಹೊತ್ತಿಗೆ ಮೂರು ವರ್ಷ ಬರಿಗಣ್ಣಲ್ಲೇ ನೋಡಿದ್ದೆ.

ಇಂಟರ್‌ಮೀಡಿಯೆಟ್ ಓದಿದವನು ಆ ಬೆಂಕಿಯ ಮುಂದೆಯೇ ಮುದುಕನಾಗುವುದು ನನಗೆ ಬೇಡವಾಗಿತ್ತು. ಪಾರಾಗಲು ಇದ್ದದ್ದು ಒಂದೇ ದಾರಿ, ಶಿವಮೊಗ್ಗದಲ್ಲಿದ್ದ ನನ್ನ ಫಿಸಿಕ್ಸ್ ಮೇಷ್ಟ್ರು. ಪರಮಾಣುವಿನ ನಡುವಿನ ಬೀಜ ಎಷ್ಟು ದೊಡ್ಡದೆಂದು ಅಳೆಯುವ ಹುಚ್ಚು ಅವರಿಗೆ. ಗಡಿಯಾರದ ಮುಖದಿಂದ ಕೆರೆದ ರೇಡಿಯಂನಿಂದ ಹೊಮ್ಮುವ ಕಣಗಳನ್ನು ತೆಳು ಚಿನ್ನದ ಹಾಳೆಗೆ ಹಾಯಿಸುತ್ತಿದ್ದರು. ಬೀಜದ ತೀರ ಹತ್ತಿರ ಹೋದವು ದಿಕ್ಕು ತಪ್ಪಿ ಸಿಡಿದು ಪರದೆಗೆ ಬಡಿದಾಗ ಮಿನುಗುವ ಕಿಡಿಗಳನ್ನು ಎಣಿಸಬೇಕು.

"ನ್ಯೂಟ್ರಾನ್ ಒಳಗೆ ಎಲ್ಲೆಲ್ಲಿ ಕೂತಿದೆ ಅಂತ ಇದ್ರಲ್ಲಿ ತಿಳಿಯಲ್ಲ, ಅದಕ್ಕೆ ಚಾರ್ಜೇ ಇಲ್ಲ. ಬೀಜದ ಅಳತೆ ಅಂದಾಜು ಸಿಗುತ್ತೆ. ಎಣಿಸೋಕೆ ಒಳ್ಳೆ ಕಣ್ಣು ಬೇಕು ಮಾರಾಯ. ನೀನು ಎಣಿಸಿದ್ರೆ ನಿನಗೆ ಕೆಲಸ ಕೊಡಿ ಅಂತ ಬೆಂಗಳೂರಿನ ಲ್ಯಾಬೊರೇಟರಿಗೆ ಕಾಗದ ಬರೀತೀನಿ," ಎಂದಿದ್ದರು.

ಭಾನುವಾರ ರೈಲು ಹತ್ತಿ ಹೋದೆ. ಕಿಟಕಿಗಳಿಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ, ಕಣ್ಣು ಕತ್ತಲೆಗೆ ಹೊಂದಲಿ ಎಂದು ಅರ್ಧ ಗಂಟೆ ಕೂರಿಸಿದರು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕಿಡಿಗಳು ಕಂಡವು! ಒಂದು, ಎರಡು... ನಿಮಿಷಕ್ಕೆ ಹನ್ನೊಂದು ಎಂದು ಹೇಳಿದೆ.

ಮೇಷ್ಟ್ರು ಕಂಬಳಿ ಸರಿಸಿದರು. ರೇಡಿಯಂ ಮುಂದೆ ಸೀಸದ ತಗಡು ಅಡ್ಡ ಇತ್ತು. ಅಲ್ಲಿಂದ ಒಂದು ಕಣವೂ ಹೊರಟಿರಲಿಲ್ಲ. ಹೊಸಬರನ್ನು ಹಾಗೆ ಪರೀಕ್ಷಿಸುವುದು ಅವರ ಪದ್ಧತಿಯಂತೆ.

"ಕಾಣದೇ ಇರೋದನ್ನ ಎಣಿಸೋನು ನಂಗೆ ಬೇಡ."

"ದೇವರಾಣೆ ಸಾರ್, ಕಂಡ್ವು."

"ಹೋಗಿ ಬಾ," ಎಂದರಷ್ಟೆ.

ಅವರ ಮೇಲೆ ಕೆಂಡದಂಥ ಸಿಟ್ಟು ಬಂತು. ರೈಲಿನಲ್ಲಿ ಕೂತು, ಅಳು ಯಾರಿಗೂ ಕಾಣದಿರಲಿ ಎಂದು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡೆ. ಅಲ್ಲಿಯೂ ಕಿಡಿ ಬೀಳುತ್ತಿದ್ದವು. ಒಂದು, ಎರಡು, ಮೂರು. ಆಗ ಗೊತ್ತಾಯಿತು, ಕುಲುಮೆಯ ಬೆಂಕಿ ನನ್ನ ಕಣ್ಣನ್ನೇ ಕೆಡಿಸಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಸೋಮವಾರ ಕುಲುಮೆಯ ಹತ್ತಿರ ಮೇಸ್ತ್ರಿ, "ಕಾವು ನೋಡೋ," ಎಂದು ಕೂಗಿದ. ನೀಲಿ ಗಾಜು ಮೊಳೆಯಲ್ಲಿ ನೇತಾಡುತ್ತಿತ್ತು. ಕೈ ಅದರತ್ತ ಹೋಗಿ ಹಿಂದೆ ಬಂತು. ಇನ್ನು ಯಾವ ಕೆಲಸಕ್ಕೆಂದು ಈ ಕಣ್ಣು ಉಳಿಸಿಕೊಳ್ಳಲಿ? ಬರಿಗಣ್ಣಲ್ಲೇ ನೋಡಿ, "ಆಗಿದೆ, ಕಬ್ಬಿಣ ಬಿಡಿ," ಎಂದೆ.