ಒಂದೇ ಹಂದರದಲ್ಲಿ ಎರಡು ಆಪರೇಷನ್

ರೋಗಕ್ಕೂ ಒಂದು ಅಂತಸ್ತು ಬೇಕು ಎಂಬುದು ನನಗೆ ತಿಳಿದದ್ದು ಐವತ್ತರ ಹತ್ತಿರ ಬಂದ ಮೇಲೆ. ಅಲ್ಲಿಯವರೆಗೆ ಕೆಮ್ಮು, ನೆಗಡಿ, ಹೊಟ್ಟೆನೋವು, ಟೊಂಕನೋವು ಎಲ್ಲವೂ ನನ್ನ ಕಣ್ಣಿಗೆ ಸರಿಸಮಾನವಾಗಿದ್ದವು. ಬಂದರೆ ನರಳುತ್ತಿದ್ದೆ, ಹೋದರೆ ಮರೆಯುತ್ತಿದ್ದೆ. ಇಂಥದು ದೊಡ್ಡದು, ಇಂಥದು ಲೆಕ್ಕಕ್ಕಿಲ್ಲ ಎಂದು ನನಗೆ ಕಲಿಸಿಕೊಟ್ಟವರು ಡಾಕ್ಟರಲ್ಲ, ಬೆಳಗಾವಿಯಿಂದ ಬಂದ ವಿಮೆಯ ಸಾಹೇಬರು.

ಆಗ ನಾನು ಬೈಲಹೊಂಗಲದ ಕಡೆಯ ಒಂದು ನೂಲಿನ ಗಿರಣಿಯಲ್ಲಿ ಗುಮಾಸ್ತ. ತೊಂಬತ್ತರ ದಶಕದುದ್ದಕ್ಕೂ ಗಿರಣಿಯ ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬ ಮುಪ್ಪಿನ ಡಾಕ್ಟರು ಕೂಡುತ್ತಿದ್ದರು. ಅವರ ಹತ್ತಿರ ಕೆಂಪು ಔಷಧ ಒಂದು, ಬಿಳಿ ಔಷಧ ಒಂದು. ಬಾಟಲಿ ಮಾತ್ರ ನಾವೇ ಮನೆಯಿಂದ ಒಯ್ಯಬೇಕು. ಸಂಗೊಳ್ಳಿಯಿಂದ ಸೈಕಲ್ ಮೇಲೆ ಬರುತ್ತಿದ್ದ ಕೆಲಸಗಾರರು ಹೆಂಡತಿ ಮಕ್ಕಳ ಬೇನೆ ಹೇಳಿ ಮುಗಿದ ಮೇಲೆ ಮೆಲ್ಲಗೆ ಎಮ್ಮೆಯ ಸುದ್ದಿಯನ್ನೂ ತೆಗೆಯುತ್ತಿದ್ದರು. ಡಾಕ್ಟರು ಬೈಯುತ್ತಿದ್ದರು, ಬೈದಾದ ಮೇಲೆ ಎಮ್ಮೆಗೂ ಏನಾದರೊಂದು ಹೇಳಿ ಕಳಿಸುತ್ತಿದ್ದರು. ಗಿರಣಿಯ ಸಂಬಳ ಕಡಿಮೆ ಎಂದು ಗೊಣಗುವವರು ಕೂಡ ಆ ಕೋಣೆಯ ವಿಷಯಕ್ಕೆ ಸುಮ್ಮನಾಗುತ್ತಿದ್ದರು.

ಹೊಸ ಶತಮಾನ ಬಂತು, ಗಿರಣಿಗೆ ಹೊಸ ಮ್ಯಾನೇಜರರು ಬಂದರು. ಡಾಕ್ಟರ ಕೋಣೆಯಲ್ಲಿ ಹತ್ತಿಯ ನಮೂನೆಗಳನ್ನು ಇಟ್ಟರು. ನಮಗೆಲ್ಲ ಫೋಟೋ ಹಚ್ಚಿದ ಒಂದೊಂದು ಕಾರ್ಡು ಬಂತು. ವಿಮೆಯ ಸಾಹೇಬರು ಗಿರಣಿಯ ಬೇವಿನ ಮರದ ಕೆಳಗೆ ನಿಂತು ಕಾರ್ಡಿನ ಮಹಿಮೆಯನ್ನು ಹೇಳಿದರು. ಇನ್ನು ಮುಂದೆ ದೊಡ್ಡ ಆಸ್ಪತ್ರೆ, ದೊಡ್ಡ ಆಪರೇಷನ್, ಎಲ್ಲ ವಿಮೆಯವರದು. ಆದರೆ ಏಪ್ರಿಲಿನಿಂದ ಮಾರ್ಚಿನವರೆಗೆ ಒಂದು ಮನೆಯ ಆಸ್ಪತ್ರೆ ಖರ್ಚಿನಲ್ಲಿ ಮೊದಲ ಹತ್ತು ಸಾವಿರ ನಮ್ಮದು. ಅದನ್ನು ದಾಟಿದರೆ ಮುಂದಿನದು ಅವರದು. ದಾಟದಿದ್ದರೆ ಅವರಿಗೂ ನಮಗೂ ಸಂಬಂಧವಿಲ್ಲ. ಹತ್ತು ಸಾವಿರವೆಂದರೆ ನನಗೆ ಆಗ ಎರಡು ತಿಂಗಳ ಪಗಾರ. ನಮ್ಮ ಲಾರಿಯ ಡ್ರೈವರ್ ಹುಸೇನಸಾಬ ಎದ್ದು ನಿಂತು, ಜ್ವರಕ್ಕೆ ಏನು ಸಿಗುತ್ತದೆ ಎಂದು ಕೇಳಿದ. ಸಾಹೇಬರು ನಕ್ಕರು. ಅವತ್ತಿನಿಂದ ನಮ್ಮ ಗಿರಣಿಯಲ್ಲಿ ಜ್ವರ ಎಂಬುದು ಬಡವರ ರೋಗವಾಯಿತು.

ನನಗೆ ಸಿಟ್ಟಿಗಿಂತ ಹೆಚ್ಚು ಕುತೂಹಲ ಹುಟ್ಟಿತು. ಇಂಥ ಏರ್ಪಾಡನ್ನು ಮೊದಲು ಯಾರು ಯೋಚಿಸಿರಬಹುದು? ನಮ್ಮಜ್ಜನ ಊರು ಕಿತ್ತೂರಿನ ಹತ್ತಿರದ ದೇಗಾಂವ. ಅಲ್ಲಿ ಎಲುಬು ಕೂಡಿಸುವ ಒಬ್ಬ ಮುದುಕನಿದ್ದ. ಸುಗ್ಗಿಯಲ್ಲಿ ರಾಶಿಯಾದ ದಿನ ಬಡಿಗ, ಕಮ್ಮಾರರ ಜೊತೆ ಅವನೂ ಕಣಕ್ಕೆ ಬಂದು ನಿಂತು ತನ್ನ ಪಾಲಿನ ಆಯ ಒಯ್ಯುತ್ತಿದ್ದ. ಮನೆಯಲ್ಲಿ ಯಾರದೂ ಕೈಕಾಲು ಮುರಿಯದ ವರ್ಷವೂ ಅವನಿಗೆ ಮೊರ ತುಂಬ ಜೋಳ ತಪ್ಪುತ್ತಿರಲಿಲ್ಲ. ಇದೂ ಒಂದು ವಿಮೆಯೇ ಅಲ್ಲವೇ? ಆಪತ್ತಿಗೆ ಮೊದಲೇ ಜೋಳ ಅಳೆದು ಕೊಡುವ ವಿದ್ಯೆ ನಮ್ಮವರಿಗೆ ಹೊಸದೇನಲ್ಲ. ಆದರೆ ಮೊದಲ ಎರಡು ಎಲುಬು ನೀವೇ ಕೂಡಿಸಿಕೊಳ್ಳಿರಿ, ಮೂರನೆಯದಕ್ಕೆ ನಾನು ಬರುತ್ತೇನೆ ಎಂದು ಆ ಮುದುಕ ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿದವರಿಲ್ಲ.

ಕಾರ್ಡು ಬಂದ ಮೇಲೆ ಜನರ ನಡೆನುಡಿಯೇ ಬದಲಾಯಿತು. ಸಣ್ಣ ರೋಗಗಳನ್ನು ಯಾರೂ ಹೊರಗೆ ಹೇಳುತ್ತಿರಲಿಲ್ಲ. ದೊಡ್ಡದು ಬಂದವರ ಮುಖದಲ್ಲಿ ದುಃಖದ ಜೊತೆಗೆ ಸ್ವಲ್ಪ ಗಾಂಭೀರ್ಯವೂ ಕಾಣುತ್ತಿತ್ತು. ಒಬ್ಬರು ಆಸ್ಪತ್ರೆ ಸೇರಿದರೆಂದರೆ ಉಳಿದವರು ಕೇಳುವುದು ಒಂದೇ ಪ್ರಶ್ನೆ, ದಾಟಿತೋ ಇಲ್ಲವೋ? ದಾಟಲಿಲ್ಲ ಎಂದು ಗೊತ್ತಾದರೆ ಎಲ್ಲರೂ ಲೊಚಗುಟ್ಟುತ್ತಿದ್ದರು. ಅಷ್ಟಕ್ಕೇ ಗುಣವಾಯಿತಲ್ಲ ಎಂದು ಸಂತೋಷಪಡಲು ಯಾರಿಗೂ ತೋಚುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ, ಒಂದು ಶ್ರಾವಣದಲ್ಲಿ, ನನಗೆ ಹರ್ನಿಯಾ ಇದೆಯೆಂದು ಬೆಳಗಾವಿಯ ಡಾಕ್ಟರು ಹೇಳಿದರು. ಗಾಬರಿಪಡುವಂಥದೇನಲ್ಲ, ಆದರೆ ಕೊಯ್ಯಲೇಬೇಕು ಎಂದರು. ನನ್ನ ಜೊತೆಗೆ ಬಂದಿದ್ದ ಹೆಂಡತಿ ಶಾಂತಾ, ಬಂದದ್ದಾಯಿತಲ್ಲ ಎಂದು, ಉಂಡ ಮೇಲೆ ತನಗೂ ಒಮ್ಮೊಮ್ಮೆ ಬಲಪಕ್ಕೆ ಹಿಡಿದಂತಾಗುತ್ತದೆ ಎಂದು ಬಾಗಿಲಲ್ಲೇ ನಿಂತು ಹೇಳಿದಳು. ತಪಾಸಣೆ ಮಾಡಿದರೆ ಅವಳ ಪಿತ್ತಕೋಶದಲ್ಲಿ ಕಲ್ಲುಗಳು. ಅದಕ್ಕೂ ಆಪರೇಷನ್. ಜೊತೆಗೆ ಬಂದವಳಿಗೂ ಒಂದು ರೋಗ ಸಿಕ್ಕಿತಲ್ಲ ಎಂದು ಬಸ್ಸಿನಲ್ಲಿ ನಾವಿಬ್ಬರೂ ನಗುತ್ತಲೇ ಊರಿಗೆ ಬಂದೆವು.

ರಾಮದುರ್ಗದಲ್ಲಿ ನನ್ನ ಅಕ್ಕ ನೀಲಕ್ಕ ಇದ್ದಾಳೆ. ಒಂದೇ ಹಂದರ ಹಾಕಿಸಿ, ಒಂದೇ ವಾಲಗದಲ್ಲಿ, ಒಂದೇ ಒಲೆಯ ಅಡಿಗೆಯಲ್ಲಿ ತನ್ನ ಇಬ್ಬರು ಹೆಣ್ಣುಮಕ್ಕಳ ಮತ್ತು ಮೈದುನನ ಮಗನ ಮದುವೆ ಮಾಡಿ ಮುಗಿಸಿದ ಗಟ್ಟಿಗಿತ್ತಿ. ಖರ್ಚು ಉಳಿಸುವ ಈ ಪದ್ಧತಿ ನಮ್ಮ ಕಡೆ ಮನೆಮನೆಯಲ್ಲೂ ಉಂಟು, ಆದರೆ ಮೂರು ಜೋಡಿಯ ಮೇಲೆ ಒಂದೇ ಸಲ ಅಕ್ಕಿಕಾಳು ಹಾಕಿಸಿದ ಹೆಸರು ಅವಳದು. ನಮ್ಮ ಸುದ್ದಿ ಕೇಳಿ ಬಂದವಳು ಕಾರ್ಡಿನ ಕಾಯಿದೆಯನ್ನೆಲ್ಲ ನನ್ನಿಂದ ಬಿಡಿಸಿ ಕೇಳಿದಳು. ಒಂದೇ ವರ್ಷದಲ್ಲಿ ಎರಡೂ ಆದರೆ ಮೊದಲ ಪಾಲು ಒಂದೇ ಸಲ ಕೊಟ್ಟರೆ ಸಾಕು ಎಂದೆ. ಅವಳ ಮುಖ ಅರಳಿತು.

“ಅದಕ್ಯಾಕ ಇಷ್ಟ ವಿಚಾರ ಮಾಡ್ತಿ ತಮ್ಮಾ? ಒಂದ ಹಂದರದಾಗ ಎರಡೂ ಮುಗಿಸಿಬಿಡು. ನಾನೂ ಒಂದ ಸಲ ಮನಿ ಬಿಟ್ಟ ಬಂದ್ರ ಆತು.”

ನೋಡಿ, ಕಾಯಿದೆ ಹೇಳಿದ್ದು ಒಂದೇ ವರ್ಷ ಎಂದು. ನಮ್ಮ ಅಕ್ಕನ ಬಾಯಿಂದ ಅದು ಒಂದೇ ದಿನವಾಗಿ ಹೊರಬಿತ್ತು. ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಹೊಳೆಯಲಿಲ್ಲ, ಶಾಂತಾ ಕೂಡ ತಲೆಯಾಡಿಸಿದಳು. ಹಂದರ ಎಂದ ಮೇಲೆ ಮುಗಿಯಿತು, ಅದನ್ನು ಎರಡು ಸಲ ಹಾಕುವ ಮಾತೇ ಇಲ್ಲ. ಅಕ್ಕ ಪಂಚಾಂಗ ತೆಗೆಸಿದಳು. ಸವದತ್ತಿಯಲ್ಲಿದ್ದ ಸೋದರಳಿಯನೊಬ್ಬ, ತನ್ನ ಮೂಗಿನೊಳಗಿನ ದುರ್ಮಾಂಸವನ್ನೂ ಇದೇ ಹಂದರದಲ್ಲಿ ಸೇರಿಸಲು ಬರುತ್ತದೆಯೇ ಎಂದು ಹೇಳಿ ಕಳಿಸಿದ. ಗಿರಣಿಯಲ್ಲಿ ಈ ಉಪಾಯ ಬೆಂಕಿಯಂತೆ ಹಬ್ಬಿತು. ಹುಸೇನಸಾಬ ತನ್ನ ತಾಯಿಯ ಕಣ್ಣಿನ ಪೊರೆಯನ್ನೂ ತನ್ನ ಮೂಲವ್ಯಾಧಿಯನ್ನೂ ಜೋಡಿಸುವ ಲೆಕ್ಕ ಹಾಕತೊಡಗಿದ.

ಆದರೆ ಜೋಡಿ ಮದುವೆಯ ಕಷ್ಟ ಮಾಡಿದವರಿಗೇ ಗೊತ್ತು. ಒಂದು ಕಡೆಯವರು ತಯಾರಾದರೆ ಇನ್ನೊಂದು ಕಡೆಯವರು ತಯಾರಿರುವುದಿಲ್ಲ. ದಸರೆಯ ನಂತರ ಎಂದು ಮೊದಲು ಗೊತ್ತಾಯಿತು. ಆ ಹೊತ್ತಿಗೆ ಹತ್ತಿ ಬರಲು ಸುರುವಾಗಿ ನನಗೆ ರಜೆ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನಾನು ರಜೆಯನ್ನು ಅಷ್ಟು ಗಟ್ಟಿಯಾಗಿ ಕೇಳಲೂ ಇಲ್ಲ, ಚಾಕುವಿನ ನೆನಪಾದರೆ ನನ್ನ ಹರ್ನಿಯಾ ತಾನೇ ಒಳಗೆ ಸರಿಯುತ್ತಿತ್ತು. ದೀಪಾವಳಿ ಕಳೆಯಿತು. ಎಳ್ಳಮಾಸಿ ಆಗಲಿ ಎಂದು ಶಾಂತಾ ಅಂದಳು. ಸಂಕ್ರಾಂತಿ ಆಗಲಿ ಎಂದು ನಾನಂದೆ. ಮುಹೂರ್ತಗಳು ಬಂದವು, ಹೋದವು.

ಈ ನಡುವೆ ಅವಳು ಊಟ ಕಡಿಮೆ ಮಾಡಿದ್ದಳು. ಕೇಳಿದರೆ ವಾಯು ಎನ್ನುತ್ತಿದ್ದಳು. ಉಪ್ಪನ್ನು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಪಕ್ಕೆಗೆ ಒತ್ತಿಕೊಂಡು ಕೂಡುತ್ತಿದ್ದಳು. ವಾಯು ಎಂಬ ಶಬ್ದದ ಉಪಕಾರ ನಮ್ಮ ಸಂಸಾರಗಳ ಮೇಲೆ ಬಹಳ ಇದೆ. ಹೇಳುವವರಿಗೆ ಮುಂದೆ ಹೇಳಬೇಕಾಗಿಲ್ಲ, ಕೇಳುವವರಿಗೆ ಮುಂದೆ ಕೇಳಬೇಕಾಗಿಲ್ಲ. ನಾನು ಎರಡು ಬೆಳ್ಳುಳ್ಳಿ ಎಸಳು ಜಗಿ ಎಂದು ಹೇಳಿ ಗಿರಣಿಗೆ ಹೋಗುತ್ತಿದ್ದೆ.

ಶಿವರಾತ್ರಿ ಆದ ಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತಿದ್ದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಡುವೆಯೇ ನಿಂತಿತು. ಹಿಟ್ಟು ತೀರಿರಬೇಕೆಂದುಕೊಂಡೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ಎದ್ದು ಹೋಗಿ ನೋಡಿದರೆ ಅವಳು ಗೋಡೆಗೆ ಒರಗಿ ಮುದ್ದೆಯಾಗಿ ಕುಳಿತಿದ್ದಳು. ಮೈ ಸುಡುತ್ತಿತ್ತು. ಕಣ್ಣು ಹಳದಿಯಾಗಿದ್ದವು. ದಿನವೂ ನೋಡುವ ಕಣ್ಣು, ಅವು ಯಾವಾಗ ಹಳದಿಯಾದವೋ ನನಗೆ ಗೊತ್ತಿರಲಿಲ್ಲ. ನನಗೆ ಬಹಳ ಹೆದರಿಕೆಯಾಯಿತು.

ಹುಸೇನಸಾಬ ನೂಲಿನ ಲೋಡು ತುಂಬಿಕೊಂಡು ಬೆಳಗಾವಿಗೆ ಹೊರಟಿದ್ದ. ಗಿರಣಿಗೆ ಓಡಿ ಹೋಗಿ ಹೇಳಿದ ಕೂಡಲೇ ಲಾರಿಯನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. “ವೈನಿ, ಸಾವಕಾಶ ಏರ್ರಿ. ಕುಲುಕಲಾರದಂಗ ಒಯ್ತೇನಿ,” ಅಂದ. ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ಗಾಡಿ ನಿಧಾನ ಮಾಡುತ್ತ, ಪ್ರತಿ ಸಲವೂ ಅವಳ ಮುಖ ನೋಡುತ್ತ ಹೋದ. ನಾನು ಅವಳ ಕೈ ಹಿಡಿದು ಕುಳಿತಿದ್ದೆ. ನನ್ನ ಜೇಬಿನಲ್ಲಿ ಕಾರ್ಡು ಇತ್ತು. ಆ ಹೊತ್ತಿಗೆ ಹತ್ತು ಸಾವಿರ ಎಂಬುದು ನನಗೆ ನೆನಪೂ ಆಗಲಿಲ್ಲ.

ಕಲ್ಲೊಂದು ಜಾರಿ ಪಿತ್ತದ ದಾರಿಗೆ ಅಡ್ಡ ಬಿದ್ದಿದೆ, ಒಳಗೆ ಕೀವಾಗಿದೆ ಎಂದು ಡಾಕ್ಟರು ಹೇಳಿದರು. ಇನ್ನಷ್ಟು ತಡ ಮಾಡಿದ್ದರೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದರು. ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಕೇಳಿದರು. ನಾನು ಹಂದರದ ಕಥೆಯನ್ನು ತಡವರಿಸುತ್ತ ಹೇಳಿದೆ. ಅವರು ನನ್ನ ಕಾರ್ಡನ್ನು ಇಸಿದುಕೊಂಡು ತಿರುವಿ ನೋಡಿದರು.

“ವರ್ಷದಾಗ ಯಾವಾಗ ಬೇಕಾದ್ರೂ ಮಾಡಿಸಬಹುದಿತ್ತಲ್ರಿ. ಇಬ್ಬರದೂ ಒಂದ ದಿನಾನ ಆಗಬೇಕಂತ ನಿಮಗ ಯಾರ ಹೇಳಿದ್ರು?”

ಅಕ್ಕನ ಹೊರತು ಯಾರೂ ಹೇಳಿರಲಿಲ್ಲ. ಕಾರ್ಡಿನಲ್ಲಿರಲಿಲ್ಲ, ಬೇವಿನ ಮರದ ಕೆಳಗೂ ಯಾರ ಬಾಯಲ್ಲೂ ಬಂದಿರಲಿಲ್ಲ. ಶ್ರಾವಣದಲ್ಲಿಯೇ ಅವಳದೊಂದನ್ನು ಮಾಡಿಸಿದ್ದರೆ, ನನ್ನ ಹರ್ನಿಯಾ ಮಾರ್ಚಿನವರೆಗೆ ಹೆದರಿಕೊಂಡು ಕೂತಿದ್ದರೂ ಕಾಯಿದೆಗೆ ಏನೂ ಅಡ್ಡಿಯಿರಲಿಲ್ಲ. ವರ್ಷಾನುಗಟ್ಟಲೆ ಹತ್ತಿಯ ತೂಕ ಬರೆದ ಗುಮಾಸ್ತನಿಗೆ ಇಷ್ಟು ಸರಳವಾದದ್ದು ಹೊಳೆಯದೆ ಹೋಯಿತು.

ಅವಳನ್ನು ಆಪರೇಷನ್ನಿಗೆ ಒಯ್ಯುವ ಮೊದಲು, ಇಷ್ಟು ನೋವಿದ್ದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟು ಮಾಡಬಾರದೆಂದರೂ ದನಿ ಏರಿತು. ಅವಳು ನಿಧಾನವಾಗಿ ಹೇಳಿದಳು.

“ನಿಮ್ಮದು ಮೊದಲ ಆಗಲಿ ಅಂತ ಕಾಯ್ಕೋತ ಕುಂತಿದ್ದೆ. ಇಬ್ರೂ ಒಂದ ದಿನಾ ಮಲಗಿದ್ರ, ನಿಮ್ಮ ಅಕ್ಕಾರು ನಾಕ ದಿನ ಇದ್ದ ಹೋದ ಮ್ಯಾಲೆ ನಿಮಗ ಗಂಜಿ ಕೊಡಾವ್ರ ಯಾರು?”

ಅಕ್ಕನ ಮುಂದೆ ಒಂದೇ ಹಂದರಕ್ಕೆ ತಲೆಯಾಡಿಸಿ, ಒಳಗೊಳಗೆ ಮುಹೂರ್ತ ಮುಂದೂಡುತ್ತ ಬಂದವಳು ಇವಳು. ನನ್ನ ಹೆದರಿಕೆ ಕಳೆದು ನಾನೊಬ್ಬನೇ ಮೊದಲು ಮಲಗಲಿ, ಆಮೇಲೆ ತನ್ನದು ಎಂದು ಅವಳ ಲೆಕ್ಕ. ಆ ಲೆಕ್ಕಕ್ಕೆ ಅವಳು ಆರು ತಿಂಗಳ ನೋವು ಕೊಟ್ಟಿದ್ದಳು. ಗಾಲಿಮಂಚ ಒಳಗೆ ಹೋದ ಮೇಲೆ ಬಾಗಿಲ ಹೊರಗೆ ನಿಂತು ನಾನು ಅತ್ತೆ. ಹುಸೇನಸಾಬ ಲೋಡು ಇಳಿಸಿ ತಿರುಗಿ ಬಂದಿದ್ದ. ಅವನು ಪಕ್ಕದಲ್ಲಿ ನಿಂತುಕೊಂಡ. ಮಾರನೆಯ ದಿನ ಊರಿಗೆ ಹೋದವನೇ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದನಂತೆ, ಮೂಲವ್ಯಾಧಿಯ ದಾರಿ ಕಾಯಲಿಲ್ಲ.

ಶಾಂತಾ ಉಳಿದಳು. ಮಾರ್ಚು ಮುಗಿಯುವ ಮೊದಲು ನನ್ನದೂ ಆಯಿತು, ಅವಳ ಹಟಕ್ಕೆ. ಆಗ ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಿಂದ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವಳೇ ನನಗೆ ಗಂಜಿ ಕೊಟ್ಟಳು. ರೊಟ್ಟಿಯ ಗಂಟು ಹೊತ್ತು ರಾಮದುರ್ಗದಿಂದ ಬಂದಿದ್ದ ನೀಲಕ್ಕ ನಮ್ಮಿಬ್ಬರನ್ನೂ ನೋಡಿ, ಹಂದರ ಒಂದೇ, ಅಕ್ಕಿಕಾಳು ಮಾತ್ರ ಬೇರೆ ಬೇರೆ ದಿನ ಬಿದ್ದವು ಎಂದು ಸಮಾಧಾನ ಮಾಡಿಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು.

ಹಾಸಿಗೆಯ ಮೇಲೆ ಮಲಗಿ ಜಂತಿಯಿಲ್ಲದ ಆಸ್ಪತ್ರೆಯ ಮಾಳಿಗೆ ನೋಡುತ್ತ ನನಗೆ ವಿಮೆಯ ಸಾಹೇಬರು ಮತ್ತೆ ನೆನಪಾದರು. ಮೊದಲ ಪಾಲು ನಿಮ್ಮದು, ದಾಟಿದ ಮೇಲೆ ನಮ್ಮದು. ಈ ಏರ್ಪಾಡನ್ನು ಮೊದಲು ಯಾರು ಯೋಚಿಸಿದರೋ ಎಂದು ಅಷ್ಟೊಂದು ಸೋಜಿಗಪಟ್ಟಿದ್ದೆನಲ್ಲ, ಅದು ನಮ್ಮ ಮನೆಯಲ್ಲಿ ಮದುವೆಯಾದ ದಿನದಿಂದಲೇ ನಡೆದಿತ್ತು. ಪ್ರತಿ ನೋವಿನ ಮೊದಲ ಪಾಲನ್ನು ಅವಳೇ ಉಪ್ಪಿನ ಗಂಟು ಒತ್ತಿಕೊಂಡು ತೀರಿಸುತ್ತಿದ್ದಳು. ಅದು ಮಿತಿ ದಾಟಿ, ರೊಟ್ಟಿ ಹೊತ್ತಿದ ವಾಸನೆ ಪಡಸಾಲೆಗೆ ಬಂದ ಮೇಲಷ್ಟೇ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಬೆಳಗಾವಿಯ ಸಾಹೇಬರಾದರೂ ಮಿತಿ ಎಷ್ಟೆಂದು ಮೊದಲೇ ಹೇಳಿದ್ದರು.

ಆಮೇಲೆ ಗಿರಣಿಯೂ ನಿಂತಿತು, ಕಾರ್ಡೂ ಹೋಯಿತು. ಒಂದು ಚಾಳಿ ಮಾತ್ರ ನನಗೆ ಉಳಿದಿದೆ. ಅವಳು ಸುಮ್ಮನೆ ಹಣೆಯ ಮೇಲೆ ಕೈ ಇಟ್ಟುಕೊಂಡರೂ ಎದ್ದು ಹೋಗಿ ಏನಾಯಿತೆಂದು ಕೇಳುತ್ತೇನೆ. ಪಾಲಿನ ಈ ಲೆಕ್ಕವನ್ನು ಅವಳಿಗೂ ಹೇಳಿಬಿಟ್ಟಿದ್ದೇನೆ, ಅವಳಿಗೆ ನಗು ಬರುತ್ತದೆ. ನಿನ್ನೆಯೂ ಹಾಗೇ ಆಯಿತು. ಒಲೆಯ ಮುಂದೆ ಕುಳಿತು ಹಣೆ ಒತ್ತಿಕೊಳ್ಳುತ್ತಿದ್ದಳು, ನಾನು ಹೋಗಿ ನಿಂತೆ.

“ನಿಮ್ಮ ಪಾಲು ಇನ್ನೂ ಸುರು ಆಗಿಲ್ಲ, ಹೋಗ್ರಿ,” ಅಂದಳು.

ನಾನು ಹೋಗಲಿಲ್ಲ. ಮಣೆ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತೆ.