ಎರಡು ಕೋಟ್

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಇಸಿಜಿ ಕೋಣೆಯೇ ಅವಳ ಲೋಕ. ಎಲ್ಲ ಸರಿಯಿದೆ ಎಂದು ಯಂತ್ರವೇ ಮುದ್ರಿಸಿ ಕೊಟ್ಟರೂ ಅವಳು ಒಪ್ಪಳು. ಮಗಳ ಹಳೆಯ ಜಾಮಿಟ್ರಿ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದಿದ್ದ ಎರಡು ಮುಳ್ಳಿನ ಕೈವಾರವನ್ನು ಕಾಗದದ ಮೇಲೆ ನಡೆಸಿ, ಒಂದೊಂದು ಬಡಿತದ ಅಗಲವನ್ನೂ ತಾನೇ ಅಳೆಯುವಳು. “ಯಾರ ಅಣ್ಣ, ಯಾರ ತಮ್ಮ ಅಂತ ಯಂತ್ರಕ್ಕೇನು ಗೊತ್ತು?” ಎನ್ನುವಳು.

ಒಂದು ಮಧ್ಯಾಹ್ನ, ಅವಳು ಮರೆತುಬಂದ ಬುತ್ತಿ ಹಿಡಿದು ಅವಳ ಅಣ್ಣನೇ ಬಂದ. ಗೋಡೆಗೆ ಬಣ್ಣ ಬಳಿಯುವವನು; ಎಷ್ಟು ಉಜ್ಜಿದರೂ ಕಿವಿಯ ಹಿಂದೆ ಒಂದು ಬಿಳಿ ಚುಕ್ಕೆ ಉಳಿದೇ ಇರುತ್ತಿತ್ತು. ಮಲೇರಿಯಾ ಹಿಡಿದು ನಾಲ್ಕು ದಿನದಿಂದ ಕ್ವಿನೈನ್ ಮಾತ್ರೆ ನುಂಗುತ್ತಿದ್ದ. ಬುತ್ತಿ ಕೊಟ್ಟು ಹೊರಟವನು ಬಾಗಿಲಿಗೆ ಒರಗಿ ನಿಂತುಬಿಟ್ಟ.

“ಏನಣ್ಣಾ?”

“ಏನಿಲ್ಲ ಕಣೇ. ಕಿವೀಲಿ ಗುಂಯ್ ಅಂತಿದೆ. ಬೆಳಗ್ಗೆ ಏಣಿ ಹತ್ತಿದಾಗ ಕಣ್ಣು ಕತ್ತಲೆ ಬಂತು, ಅಷ್ಟೇ.”

“ಜ್ವರ ಇಟ್ಕೊಂಡು ಏಣಿ ಬೇರೆ! ಅಂಗಿ ಬಿಚ್ಚಿ ಮಲಗು.”

“ಬುತ್ತಿ ತಂದವನಿಗೆ ಇದಾ ಮರ್ಯಾದೆ!”

ಹೊಸ ಯಂತ್ರ ಬಂದ ದಿನ ಪರೀಕ್ಷೆಗೆಂದು ಅವಳು ಮಲಗಿಸಿದ್ದು ಇವನನ್ನೇ. ಆ ಕಾಗದ ಇನ್ನೂ ಡ್ರಾಯರಿನಲ್ಲಿತ್ತು. ಅದರಲ್ಲಿದ್ದ ಬಡಿತದ ಅಗಲಕ್ಕೆ ಕೈವಾರ ಬಿಡಿಸಿ ಇವತ್ತಿನ ಗೆರೆಯ ಮೇಲಿಟ್ಟಳು. ಎರಡನೆಯ ಮುಳ್ಳು ಬಡಿತದ ಕೊನೆ ಮುಟ್ಟಲೇ ಇಲ್ಲ. ಒಮ್ಮೆ ಬಡಿದ ಗುಂಡಿಗೆ ಮತ್ತೆ ಸಜ್ಜಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಆ ಎಡೆಯಲ್ಲಿ ಲಯ ತಪ್ಪಿದರೆ ನಿಂತೇ ಹೋಗಬಹುದು.

“ಎಷ್ಟು ಮಾತ್ರೆ ತಗೊಂಡೆ? ನಿಜ ಹೇಳು.”

ಅವನು ಸೂರು ನೋಡಿದ. “ಬೇಗ ವಾಸಿಯಾಗ್ಲಿ ಅಂತ... ಒಂದು ಕೋಟ್ ಬಣ್ಣಕ್ಕೆ ಗೋಡೆ ಕಲೆನೇ ಹೋಗಲ್ಲ, ಜ್ವರ ಎಲ್ಲಿ ಹೋಗುತ್ತೆ? ಒಂದೊಂದು ಅಂತ ಬರೆದುಕೊಟ್ಟಿದ್ರು, ಎರಡೆರಡು ಹೊಡೆದೆ.”

ಅವಳು ಕೈವಾರ ಕೆಳಗಿಟ್ಟಳು. ಬೈಯಲಿಲ್ಲ, ಕಾಗದ ಹಿಡಿದು ಡಾಕ್ಟರ ಕೋಣೆಗೆ ಓಡಿದಳು. ಅವರು ಆ ಮಾತ್ರೆ ನಿಲ್ಲಿಸಿ, ಬೇರೆ ಔಷಧಿ ಬರೆದು, ಅವನನ್ನು ಅಲ್ಲೇ ಉಳಿಸಿಕೊಂಡರು. ಮೂರು ದಿನ ಬೆಳಗ್ಗೆ, ಸಂಜೆ ಅಳೆದಳು. ನಾಲ್ಕನೆಯ ಬೆಳಗ್ಗೆ ಎರಡೂ ಮುಳ್ಳು ಹಳೆಯ ಅಗಲದಲ್ಲಿ ತೆಪ್ಪಗೆ ಕುಳಿತವು. ಆಮೇಲೆ ಶುರುವಾಯಿತು ಬೈಗುಳ.

“ಕತ್ತೆ! ಗೋಡೆ ಬಿದ್ರೆ ಮತ್ತೆ ಕಟ್ಟಬಹುದು. ಅಣ್ಣನ್ನ ಎಲ್ಲಿಂದ ತರ್ಲಿ?” ಎಂದವಳು ಅವನ ಹಾಸಿಗೆಯ ಅಂಚಿಗೆ ಹಣೆಯಿಟ್ಟು ಅತ್ತಳು.

ಚೇತರಿಸಿಕೊಂಡ ಮೇಲೆ ಅವನು ಇಸಿಜಿ ಕೋಣೆಗೆ ತಾನಾಗಿಯೇ ಬಣ್ಣ ಬಳಿದುಕೊಟ್ಟ. ಹಳೆಯ ಕಲೆ ಅಲ್ಲಲ್ಲಿ ಇಣುಕುತ್ತಿತ್ತು.

“ಇದೇನು ಅರೆಬರೆ?”

“ಒಂದೇ ಕೋಟ್ ಕಣೇ. ಬರೆದುಕೊಟ್ಟಷ್ಟೇ.”

ನಿವೃತ್ತಿಯಾಗುವವರೆಗೂ ಆ ಗೋಡೆಯ ಮೇಲೆ ಅವಳು ಮತ್ತೊಂದು ಕೋಟ್ ಹೊಡೆಯಗೊಡಲಿಲ್ಲ.