ತಂಬಿಗೆಗೆ ವಾಪಸ್ ಹೋದ ಚೀಟಿ

ಗೆಳೆಯರೇ, ಇಂದು ತ್ಯಾವಣಿಗೆಯಲ್ಲಿ ಪ್ರಜಾಪ್ರಭುತ್ವ ಒಂದು ತಂಬಿಗೆಯೊಳಗೆ ಸಿಕ್ಕಿಕೊಂಡಿತ್ತು. ನಾಲೆ ನೀರಿನ ಸಮಿತಿಗೆ ಇಬ್ಬರನ್ನು ಚೀಟಿ ಎತ್ತಿ ಆರಿಸಬೇಕಿತ್ತು. ಎಂಟು ಹೆಸರುಗಳಲ್ಲಿ ಮೂವರು ನೀರೇ ತಲುಪದ ಕೊನೆಯ ಹೊಲದವರು. ಮೊದಲ ಚೀಟಿ ನಾಲೆಯ ಬಾಯಲ್ಲೇ ಗದ್ದೆಯಿರುವ ರುದ್ರಪ್ಪನವರದು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ತಂಬಿಗೆಗೇ ಹಾಕಿದರು.

"ದೇವರ ಚೀಟಿ, ಹೊರಗೆ ಬಿಡಬಾರ್ದು."

ಎರಡನೆಯದೂ ಅವರದೇ ಬಂತು!

"ಎರಡೂ ಸೀಟು ನಂದೇ ಬಿಡ್ರಿ."

ನಾನು ಎದ್ದು ಗುಡುಗಿದೆ: "ಗೆದ್ದ ಚೀಟಿ ತೆಗೀರಿ! ಉಳಿಯೋದು ಏಳು. ಕೊನೆ ಹೊಲದೋರಿಗೆ ಏಳರಾಗೆ ಮೂರು ಅವಕಾಶ ಐತೆ!"

ತೆಗೆದು, ಮತ್ತೆ ಎತ್ತಿದರು. ಬಂದದ್ದು ರುದ್ರಪ್ಪನವರ ಭಾವಮೈದುನ.

ಕೊನೆ ಹೊಲದ ಗಂಗಮ್ಮ ನನ್ನನ್ನೇ ದಿಟ್ಟಿಸಿದರು: "ಬರದೇ ಇರಾಕೆ ಏಳರಾಗೆ ನಾಕು ಐತಲ್ಲಪ್ಪಾ, ಅದನ್ನ ಮೆಲ್ಲಗಾದ್ರೂ ಹೇಳಬಾರ್ದಿತ್ತಾ?"